ಬ್ಯಾಟರಿ ಹೋಗಿದೆಯೋ, ಅಳೆಯುವ ತಂತಿ ಸುಳ್ಳು ಹೇಳುತ್ತಿದೆಯೋ?

ಪ್ರಶ್ನೆ (ಕುಂದಾಪುರದಿಂದ): ಸರ್, ನನ್ನದು 2015ರ ಹೈಬ್ರಿಡ್ ಸೆಡಾನ್. ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ, ಹಿಂದಿನ ಸೀಟಿನ ಬೆನ್ನಿಗಿದೆ. ಮಳೆಗಾಲದಲ್ಲಿ ಎರಡು ತಿಂಗಳು ಸುಮ್ನೆ ನಿಂತಿತ್ತು. ಈಗ ಎಚ್ಚರಿಕೆ ದೀಪ ಉರಿಯುತ್ತಿದೆ, ಕೋಡ್ ಪಿ0ಎ80 (ಹೈಬ್ರಿಡ್ ಬ್ಯಾಟರಿ ಕೆಟ್ಟಿದೆ ಎನ್ನುವ ದೋಷಸಂಕೇತ). ವರ್ಕ್‌ಶಾಪ್‌ನವರು ‘ಬ್ಯಾಟರಿ ಪೂರ್ತಿ ಬದಲಿಸಬೇಕು’ ಅಂದರು. ಲಕ್ಷಗಳ ಮಾತು. ಸ್ಕ್ಯಾನರ್ ಪರದೆಯ ಫೋಟೋ ತೆಗೆದುಕೊಂಡು ಬಂದಿದ್ದೇನೆ. 17 ಬ್ಲಾಕ್‌ಗಳಲ್ಲಿ 15 ಬ್ಲಾಕ್ 15.6 ವೋಲ್ಟ್ ಹತ್ತಿರ ಇವೆ. 6ನೆಯದು 14.1, 7ನೆಯದು 17.1. ಏನು ಮಾಡಲಿ?

ಉತ್ತರ: ಫೋಟೋ ತೆಗೆದದ್ದು ಒಳ್ಳೆಯದಾಯಿತು. ಇನ್ನೂ ದುಡ್ಡು ಕೊಡಬೇಡಿ. 14.1ಕ್ಕೆ 17.1 ಕೂಡಿಸಿ ನೋಡಿ, 31.2. ಎರಡು ಒಳ್ಳೆಯ ಬ್ಲಾಕ್ ಸೇರಿದರೂ ಅಷ್ಟೇ ಬರುತ್ತದೆ, ಅಲ್ವಾ?

ನಿಮ್ಮ ಒಂದೊಂದು ಬ್ಲಾಕ್ ಅಂದರೆ ಎರಡು ಮಾಡ್ಯೂಲ್ (ತಲಾ 6 ಸೆಲ್ ಇರುವ ಡಬ್ಬಿ), 12 ಸೆಲ್. ಟೊಯೋಟಾದ ಹೈಬ್ರಿಡ್ ಕಾರು, ಎರಡನೇ ತಲೆಮಾರಿನ ಪ್ರಿಯಸ್‌ನಲ್ಲೂ ಇದೇ ಏರ್ಪಾಡು: 7.2 ವೋಲ್ಟಿನ 28 ಮಾಡ್ಯೂಲ್, ಒಟ್ಟು 201.6 ವೋಲ್ಟ್, ಕಂಪ್ಯೂಟರ್ ಅಳೆಯುವುದು 14 ಬ್ಲಾಕ್. ಪ್ರತಿ ಎರಡು ಬ್ಲಾಕ್ ನಡುವೆ ಒಂದೇ ಒಂದು ಸೆನ್ಸ್ ತಂತಿ (ವೋಲ್ಟೇಜ್ ಅಳೆಯುವ ತಂತಿ) ಇರುತ್ತದೆ. 6ನೆಯದರ ಮೇಲಿನ ತುದಿಯೂ ಅದೇ, 7ನೆಯದರ ಕೆಳಗಿನ ತುದಿಯೂ ಅದೇ. ಇಬ್ಬರ ಹೊಲದ ನಡುವಿನ ಬದುವಿನ ಹಾಗೆ. ಬದು ಎರಡು ಅಡಿ ಸರಿದರೆ ಒಬ್ಬನಿಗೆ ಕಡಿಮೆ, ಪಕ್ಕದವನಿಗೆ ಅಷ್ಟೇ ಜಾಸ್ತಿ, ಒಟ್ಟು ಜಮೀನು ಅಷ್ಟೇ. ನಿಮ್ಮಲ್ಲಿ ಬದು ಒಂದೂವರೆ ವೋಲ್ಟ್ ಸರಿದಿದೆ.

ನಿಜವಾಗಿ ಒಂದು ಸೆಲ್ ಶಾರ್ಟ್ ಆಗಿದ್ದರೆ ಆ ಬ್ಲಾಕ್ ಒಂದೇ ಸುಮಾರು 1.3 ವೋಲ್ಟ್ ಇಳಿಯುತ್ತಿತ್ತು. ಪಕ್ಕದ್ದು ಏರುತ್ತಿರಲಿಲ್ಲ. ಎಲ್ಲ ಬ್ಲಾಕ್ ಒಂದೇ ಸರದಲ್ಲಿವೆ, ಎಲ್ಲದರಲ್ಲೂ ಹರಿಯುವ ಕರೆಂಟ್ ಒಂದೇ. ಒಂದು ಖಾಲಿಯಾಗಿ ಪಕ್ಕದ್ದು ಮಾತ್ರ ಅಷ್ಟೇ ತುಂಬಿಕೊಳ್ಳುವುದು ಹೇಗೆ?

ಮೊದಮೊದಲು ನಾನೂ ಇಲ್ಲಿ ಎಡವಿದ್ದೇನೆ. ಇಂಥದ್ದೇ ರೀಡಿಂಗ್ ನೋಡಿ ಕಡಿಮೆ ತೋರಿಸಿದ ಬ್ಲಾಕಿನ ಎರಡೂ ಮಾಡ್ಯೂಲ್ ಬದಲಿಸಿದೆ. ನಾಲ್ಕನೇ ದಿನ ಕಾರು ಅದೇ ಸಂಖ್ಯೆ ಹೊತ್ತು ವಾಪಸ್ ಬಂತು.

ಪ್ರಶ್ನೆ (ಅದೇ ಸದಸ್ಯರು): ಹಾಗಾದರೆ ತಂತಿ ಕೆಟ್ಟಿದೆ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ? ಮನೆಯಲ್ಲಿ ಮಲ್ಟಿಮೀಟರ್ ಇದೆ.

ಉತ್ತರ: ನಿಮ್ಮ ಮೀಟರ್ ಮನೆಯಲ್ಲೇ ಇರಲಿ. ಇದು 240 ವೋಲ್ಟ್‌ಗೂ ಮೇಲಿನ ಡಿಸಿ. ಸರ್ವಿಸ್ ಪ್ಲಗ್ (ರಿಪೇರಿಗೆ ಮೊದಲು ಬ್ಯಾಟರಿ ಸರ ಕಡಿಯಲು ಕೀಳುವ ಪ್ಲಗ್) ಕಿತ್ತರೂ ಪೆಟ್ಟಿಗೆಯೊಳಗಿನ ಸೆಲ್‌ಗಳು ಜೀವಂತವಾಗೇ ಇರುತ್ತವೆ, ಸರ ಎರಡು ತುಂಡಾಗುತ್ತದೆ ಅಷ್ಟೇ. ತರಬೇತಿ ಆದವರು, 1000 ವೋಲ್ಟ್ ರಬ್ಬರ್ ಗ್ಲೌಸ್ ಹಾಕಿ, ಉಂಗುರ ವಾಚು ತೆಗೆದಿಟ್ಟು, ಪ್ಲಗ್ ಕಿತ್ತ ಮೇಲೆ 10 ನಿಮಿಷ ಕಾದು ಮುಟ್ಟುವ ಕೆಲಸ.

ನೀವು ಮಾಡಬಹುದಾದ್ದು ಒಂದಿದೆ. ಒಬ್ಬರು ಓಡಿಸಲಿ, ಇನ್ನೊಬ್ಬರು ಪಕ್ಕದಲ್ಲಿ ಕೂತು ಸ್ಕ್ಯಾನರ್ ನೋಡಲಿ. ಏರಿನಲ್ಲಿ ಎಲ್ಲ ಬ್ಲಾಕ್ ಇಳಿಯಬೇಕು, ಬ್ರೇಕ್ ಒತ್ತಿದಾಗ ಏರಬೇಕು. ದುರ್ಬಲ ಬ್ಲಾಕ್ ಬೇರೆಯವಕ್ಕಿಂತ ಜಾಸ್ತಿ ಇಳಿಯುತ್ತದೆ, ಜಾಸ್ತಿ ಏರುತ್ತದೆ. ಆಗುಂಬೆ ಘಾಟಿ ಹತ್ತಿ ಇಳಿದರೆ ಅದರ ಬಣ್ಣ ಬಯಲಾಗುತ್ತದೆ. ತಂತಿಯ ದೋಷ ಹಾಗಲ್ಲ. 6 ಮತ್ತು 7ರ ವ್ಯತ್ಯಾಸ ಲೋಡಿನ ಲೆಕ್ಕಕ್ಕೆ ಸಿಗುವುದಿಲ್ಲ, ಹಂಪಿನ ಮೇಲೆ ಹಾರಿದಾಗ ಕುಣಿಯುತ್ತದೆ. ಎರಡರ ಮೊತ್ತ ಮಾತ್ರ ಬೇರೆ ಜೋಡಿಗಳ ಜೊತೆಗೇ ಏರಿಳಿಯುತ್ತದೆ.

ವರ್ಕ್‌ಶಾಪ್‌ನವರಿಗೆ ಹೀಗೆ ಹೇಳಿ: ಕೋಡ್ ಅಳಿಸಬೇಡಿ, ಅಳಿಸಿದರೆ ದೋಷ ಬಂದ ಕ್ಷಣದ ದಾಖಲೆಯೂ ಹೋಗುತ್ತದೆ. 6 ಮತ್ತು 7ನ್ನು ಮಾಡ್ಯೂಲಿನ ತುದಿಯಲ್ಲೇ ಅಳೆಯಿರಿ. ಎರಡೂ ಒಂದೇ ಸಮ ಬಂದು ಸ್ಕ್ಯಾನರ್‌ನಲ್ಲಿ ಮಾತ್ರ ಬೇರೆ ಕಂಡರೆ ಬ್ಯಾಟರಿ ನಿರಪರಾಧಿ. ಆಮೇಲೆ ತಂತಿಯನ್ನು ಎರಡೂ ಕಡೆ ಬಿಡಿಸಿ ರೆಸಿಸ್ಟೆನ್ಸ್ ನೋಡಿ, ಒಂದು ಓಮ್‌ಗಿಂತ ಕಡಿಮೆ ಬರಬೇಕು. ಕೆಲವು ಕಾರುಗಳಲ್ಲಿ ಮಧ್ಯೆ ಪುಟ್ಟ ಫ್ಯೂಸ್ ಇರುತ್ತದೆ, ಅದನ್ನೂ ನೋಡಿ. ತಂತಿ ಸರಿಯಿದ್ದರೆ ಕೊನೆಗೆ ಉಳಿಯುವುದು ಅಳೆಯುವ ಕಂಪ್ಯೂಟರ್.

ನನ್ನ ಅಂದಾಜು: ಕನೆಕ್ಟರ್ ತೆಗೆದರೆ ಹಸಿರು ಪುಡಿ ಸಿಗುತ್ತದೆ. ಈ ಸೆಲ್‌ಗಳೊಳಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ ಇದೆ. ಅದು ತುದಿಯಲ್ಲಿ ಜಿನುಗಿ ತಾಮ್ರವನ್ನು ತಿನ್ನುತ್ತದೆ. ಕರಾವಳಿಯ ಉಪ್ಪುಗಾಳಿ, ಮಳೆಯ ತೇವ ಸೇರಿದರೆ ಕೇಳಬೇಕೇ!

ಪ್ರಶ್ನೆ (ಇನ್ನೊಬ್ಬ ಸದಸ್ಯ, ಹುಬ್ಬಳ್ಳಿ): ಅಣ್ಣಾ, ನಾನು ಎಲೆಕ್ಟ್ರಿಕ್ ಆಟೋ ರಿಪೇರಿ ಮಾಡುತ್ತೇನೆ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಪ್ಯಾಕ್. ಚಾರ್ಜ್ ಮುಗಿಯುವ ಹೊತ್ತಿಗೆ 9ನೇ ಸೆಲ್ 50 ಮಿಲಿವೋಲ್ಟ್ ಕಡಿಮೆ, 10ನೆಯದು 50 ಜಾಸ್ತಿ. ಹಗಲೆಲ್ಲ ಸರಿಯಾಗಿರುತ್ತದೆ. ಇದೂ ಬದುವಿನ ಜಗಳವಾ?

ಉತ್ತರ: ಹೌದು ತಮ್ಮಾ, ಸರಿಯಾಗಿ ಹಿಡಿದಿದ್ದೀಯ. ಬಿಎಂಎಸ್ (ಬ್ಯಾಟರಿ ನೋಡಿಕೊಳ್ಳುವ ಸರ್ಕ್ಯೂಟ್) ಬ್ಯಾಲೆನ್ಸ್ ಮಾಡುವಾಗ, ಅಂದರೆ ಎಲ್ಲ ಸೆಲ್ ಸಮಕ್ಕೆ ತರುವಾಗ, ಸೆಲ್‌ನ ಕರೆಂಟನ್ನು ಇದೇ ಸೆನ್ಸ್ ತಂತಿಯಲ್ಲಿ ಎಳೆದು ಸುಡುತ್ತದೆ. ಕರೆಂಟ್ 100 ಮಿಲಿಆಂಪ್, ಸಡಿಲ ಟರ್ಮಿನಲ್‌ನಲ್ಲಿ ಅರ್ಧ ಓಮ್ ಅಂತಿಟ್ಟುಕೋ. 50 ಮಿಲಿವೋಲ್ಟ್ ಅಲ್ಲೇ ಹೋಯಿತು. ಬ್ಯಾಲೆನ್ಸಿಂಗ್ ನಿಲ್ಲಿಸಿ ಓದು. ವ್ಯತ್ಯಾಸ ತಟ್ಟನೆ ಮಾಯವಾದರೆ ತಂತಿಯದ್ದೇ ತಪ್ಪು. ಎಲ್‌ಎಫ್‌ಪಿಯಲ್ಲಿ ಇದನ್ನು ಸಣ್ಣದು ಅಂತ ಬಿಡಬೇಡ. ಅದರ ವೋಲ್ಟೇಜ್ ಗೆರೆ ತುಂಬ ಚಪ್ಪಟೆ. ಮಧ್ಯದಲ್ಲಿ 20 ಮಿಲಿವೋಲ್ಟ್ ತಪ್ಪಿದರೂ ಚಾರ್ಜಿನ ಅಂದಾಜು ಎಲ್ಲಿಗೋ ಹೋಗುತ್ತದೆ.

ನಿನಗೆ ಕಾರುಗಳೂ ಬಂದರೆ ಇದು ನೆನಪಿರಲಿ: ಪಿ0ಬಿ3ಡಿ, ಪಿ0ಬಿ42 ಥರದ ಕೋಡ್ ಕಂಡರೆ ಅವು ಸೆನ್ಸ್ ಸರ್ಕ್ಯೂಟಿನವು. ಮೊದಲನೆಯದು ‘ಎ’ ತಂತಿ, ಎರಡನೆಯದು ‘ಬಿ’ ತಂತಿ, ಎರಡೂ ‘ರೀಡಿಂಗ್ ಕಡಿಮೆ’ ಅನ್ನುತ್ತವೆ. ಪಿ0ಎ80 ಜೊತೆ ಇವೂ ಬಂದಿದ್ದರೆ ಮೊದಲು ತಂತಿಯ ಕಡೆ ಹೋಗು.

ಹತ್ತು ದಿನದ ನಂತರ (ಕುಂದಾಪುರದಿಂದ): ಸರ್, ಬೇರೆ ಕಡೆ ಬಿಚ್ಚಿಸಿದೆ. ಮಾಡ್ಯೂಲ್ ತುದಿಯಲ್ಲಿ 6 ಮತ್ತು 7 ಎರಡೂ 15.5. ಕನೆಕ್ಟರಿನ ಒಂದು ಪಿನ್ ಹಸಿರಾಗಿ ತುಂಡಾಗಿತ್ತು. ಸೆನ್ಸ್ ಹಾರ್ನೆಸ್ (ತಂತಿಗಳ ಕಟ್ಟು) ಬದಲಿಸಿದರು, ದೀಪ ಹೋಗಿದೆ. ಆದರೆ ಏರಿನಲ್ಲಿ 11ನೇ ಬ್ಲಾಕ್ ಉಳಿದವಕ್ಕಿಂತ 0.4 ವೋಲ್ಟ್ ಜಾಸ್ತಿ ಇಳಿಯುತ್ತಿದೆ.

ಉತ್ತರ: ಸಂತೋಷ. 11ನೆಯದು ತಂತಿಯಲ್ಲ, ವಯಸ್ಸು. 10 ಮತ್ತು 12 ನೆಟ್ಟಗಿವೆ ತಾನೆ? ಸದ್ಯಕ್ಕೆ ಬಿಡಿ, ಮೂರು ತಿಂಗಳಿಗೊಮ್ಮೆ ನೋಡಿಸಿ. ಹಿಂದಿನ ಸೀಟಿನ ಪಕ್ಕದ ಗಾಳಿ ಜಾಲರಿಗೆ ಚೀಲ ಒತ್ತಿ ಇಡಬೇಡಿ, ಬ್ಯಾಟರಿ ಫ್ಯಾನ್ ಉಸಿರೆಳೆಯುವುದು ಅಲ್ಲಿಂದಲೇ.