ಗುಪ್ತಾಂಗದ ಚರ್ಮ ಸಿಪ್ಪೆ ಏಳುತ್ತಿದೆ, ಅನುಭವ ಇದ್ದವರು ತಿಳಿಸಿ

ಪ್ರಶ್ನೆ:
ನನಗೆ 28 ವರ್ಷ. ಮೂರು ವಾರದಿಂದ ಶಿಶ್ನದ ತುದಿಯಲ್ಲೂ ಮುಂದೊಗಲಿನ ಒಳಗೂ ಚರ್ಮ ಒಣಗಿ ತೆಳು ಪೊರೆಯ ಹಾಗೆ ಏಳುತ್ತಿದೆ. ಸ್ವಲ್ಪ ಕೆಂಪಗಿದೆ, ಸ್ನಾನವಾದ ಮೇಲೆ ಉರಿ. ಗುಳ್ಳೆ, ಹುಣ್ಣು ಇಲ್ಲ. ಕೊಳೆಯಿಂದ ಬಂದಿರಬೇಕೆಂದು ದಿನಕ್ಕೆರಡು ಸಲ ಸೋಪು ಹಚ್ಚಿ, ನೀರಿಗೆ ಆಂಟಿಸೆಪ್ಟಿಕ್ ದ್ರವ ಬೆರೆಸಿ ತೊಳೆಯುತ್ತಿದ್ದೇನೆ. ಕಡಿಮೆಯಾಗಿಲ್ಲ. ಮದುವೆಯಾಗಿ ಐದು ತಿಂಗಳಷ್ಟೇ, ಹೆಂಡತಿಗೆ ಹೇಳಲು ಸಂಕೋಚ. ಯಾರಿಗಾದರೂ ಹೀಗಾಗಿತ್ತೇ?

ಉತ್ತರ:
ಆಗಿತ್ತು, ಹೆಚ್ಚುಕಡಿಮೆ ಹೀಗೆಯೇ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ ಅನಿಸುತ್ತದೆ. ಮೊದಲು ಆ ಸೋಪು ಮತ್ತು ಆಂಟಿಸೆಪ್ಟಿಕ್ ನಿಲ್ಲಿಸಿ. ಅಲ್ಲಿನ ಚರ್ಮ ಕೈಕಾಲಿನ ಚರ್ಮಕ್ಕಿಂತ ತುಂಬಾ ತೆಳು. ತೊಳೆದಷ್ಟೂ ಅದರ ಸಹಜ ಜಿಡ್ಡು ಹೋಗಿ, ಒಣಗಿ, ಸುಲಿಯುತ್ತದೆ. ಸುಲಿಯಿತೆಂದು ನಾವು ಇನ್ನಷ್ಟು ತೊಳೆಯುತ್ತೇವೆ. ನಾನು ಎರಡು ತಿಂಗಳು ಇದನ್ನೇ ಮಾಡಿದೆ. ಕೊನೆಗೆ ಚರ್ಮದ ಡಾಕ್ಟರು ಬರೆದುಕೊಟ್ಟದ್ದು ಇಷ್ಟೇ: ದಿನಕ್ಕೊಮ್ಮೆ ಉಗುರುಬೆಚ್ಚಗಿನ ಬರಿ ನೀರು, ಮುಂದೊಗಲನ್ನು ಮೆಲ್ಲಗೆ ಹಿಂದೆ ಸರಿಸಿ ತೊಳೆಯುವುದು, ಉಜ್ಜದೆ ಬಟ್ಟೆಯಿಂದ ಒತ್ತಿ ಒರೆಸುವುದು, ತೆಳ್ಳಗೆ ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ. ಒರೆಸಿದ ಮೇಲೆ ಮುಂದೊಗಲನ್ನು ಮರೆಯದೆ ಮುಂದಕ್ಕೆ ತನ್ನಿ. ಹಿಂದೆಯೇ ಬಿಟ್ಟರೆ ಊದಿಕೊಂಡು ಸಿಕ್ಕಿಹಾಕಿಕೊಳ್ಳುವ ಅಪಾಯವಿದೆ. ಏಳುತ್ತಿರುವ ಪೊರೆಯನ್ನು ಉಗುರಿನಿಂದ ಕೀಳಬೇಡಿ. ನನಗೆ ಹತ್ತು ದಿನದಲ್ಲಿ ವಾಸಿಯಾಯಿತು. ಒಳಉಡುಪು ಒಗೆಯುವ ಪೌಡರನ್ನೂ ಬದಲಿಸಿದೆ, ಬಟ್ಟೆಯನ್ನು ಇನ್ನೊಂದು ಸಲ ನೀರಲ್ಲಿ ಜಾಲಿಸಿ ಹಿಂಡುತ್ತೇನೆ.

ಉತ್ತರ:
ಫಂಗಸ್ ಇರಬಹುದು. ಕ್ಲೋಟ್ರಿಮಜೋಲ್ ಕ್ರೀಮ್ ದಿನಕ್ಕೆರಡು ಸಲ, ಎರಡು ವಾರ ಹಚ್ಚಿದಾಗ ನನಗೆ ಹೋಯಿತು. ನನ್ನದರಲ್ಲಿ ತುರಿಕೆ ಜಾಸ್ತಿ ಇತ್ತು, ಮೊಸರಿನಂಥ ಬಿಳಿ ಪದರ ಕೂಡುತ್ತಿತ್ತು. ಹೆಂಡತಿಗೂ ತುರಿಕೆ, ಬಿಳಿ ಸ್ರಾವ ಇದ್ದದ್ದರಿಂದ ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಕೊಟ್ಟರು.

ಉತ್ತರ:
ಮೇಲಿನವರು ಹೇಳಿದ ಕ್ರೀಮ್ ಸರಿಯೇ, ಆದರೆ ಔಷಧಿ ಅಂಗಡಿಯಲ್ಲಿ ಬರೀ ‘ತುರಿಕೆಗೆ ಏನಾದರೂ ಕೊಡಿ’ ಎಂದು ಕೇಳಬೇಡಿ. ನಾನು ಕೇಳಿದ್ದೆ. ಕೊಟ್ಟ ಟ್ಯೂಬಿನಲ್ಲಿ ಫಂಗಸ್ ಔಷಧಿಯ ಜತೆ ಸ್ಟೀರಾಯ್ಡ್ ಕೂಡ ಇತ್ತು. ಹಚ್ಚಿದ ಎರಡನೇ ದಿನಕ್ಕೆ ಉರಿ, ಕೆಂಪು ಎಲ್ಲ ಮಾಯ. ಬಿಟ್ಟ ವಾರಕ್ಕೆ ದುಪ್ಪಟ್ಟಾಗಿ ಬಂತು. ತೊಡೆಸಂದಿಯ ಹುಳುಕಡ್ಡಿ ಅಂಚು ಕಳೆದುಕೊಂಡು ಹರಡಿದ್ದರಿಂದ ಡಾಕ್ಟರಿಗೇ ಗುರುತು ಹಿಡಿಯುವುದು ಕಷ್ಟವಾಯಿತು. ಚರ್ಮ ತೆಳುವಾಗಿ ತೊಡೆಯ ಮೇಲೆ ಬಿದ್ದ ಗೆರೆಗಳು ನಾಲ್ಕು ವರ್ಷವಾದರೂ ಹೋಗಿಲ್ಲ. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಸೋನ್‌ನಂಥ ಸ್ಟೀರಾಯ್ಡ್ ಹೆಸರಿದ್ದರೆ ಡಾಕ್ಟರ ಮಾತಿಲ್ಲದೆ ಮುಟ್ಟಬೇಡಿ. ಡಾಕ್ಟರೇ ಕೊಟ್ಟರೆ ಬೇರೆ ಮಾತು, ಕೆಲವು ಕಾಯಿಲೆಗಳಿಗೆ ಅದೇ ಮದ್ದು. ನನ್ನ ಅಣ್ಣನಿಗೆ ಅಲ್ಲಿ ಇದ್ದದ್ದು ಸೋರಿಯಾಸಿಸ್. ಮೊಣಕೈಯಲ್ಲಿ ದಪ್ಪ ಬಿಳಿ ಹೊಟ್ಟು ಉದುರುತ್ತಿದ್ದರೂ ಮುಂದೊಗಲಿನ ಒಳಗೆ ಬರೀ ಹೊಳೆಯುವ ಕೆಂಪು ಮಚ್ಚೆ. ಯಾರೂ ಎರಡನ್ನೂ ಒಟ್ಟಿಗೆ ನೋಡಿರಲಿಲ್ಲ.

ಉತ್ತರ:
ನಾನು ಹೆಂಗಸು, ಬರೆಯಬಹುದೋ ಇಲ್ಲವೋ ಎಂದು ಯೋಚಿಸಿಯೇ ಬರೆಯುತ್ತಿದ್ದೇನೆ. ನನ್ನ ಯಜಮಾನರು ಇದನ್ನು ಏಳು ತಿಂಗಳು ಮುಚ್ಚಿಟ್ಟರು. ನನ್ನಿಂದ ದೂರ ಮಲಗುತ್ತಿದ್ದರು. ನಾನೇ ಬೇಡವಾದೆನೇನೋ ಎಂದು ಎಷ್ಟು ರಾತ್ರಿ ಅತ್ತಿದ್ದೇನೆ. ಕೊನೆಗೆ ಮುಂದೊಗಲಿನ ಅಂಚು ಸೀಳಿ ರಕ್ತ ಬಂದಾಗ ಬಾಯಿಬಿಟ್ಟರು. ಕ್ರೀಮಿನಿಂದ ಹೋಗುವುದು, ಮತ್ತೆ ಬರುವುದು, ಹೀಗೆ ಮೂರು ಸಲವಾಗಿತ್ತಂತೆ. ಡಾಕ್ಟರು ರಕ್ತಪರೀಕ್ಷೆ ಮಾಡಿಸಿದರು: ಸಕ್ಕರೆ ಕಾಯಿಲೆ! ಮೂತ್ರದಲ್ಲಿ ಸಕ್ಕರೆ ಹೋಗುತ್ತಿದ್ದರೆ ಫಂಗಸ್‌ಗೆ ಅದೇ ಆಹಾರವಂತೆ. ಸಕ್ಕರೆ ಹತೋಟಿಗೆ ಬಂದ ಮೇಲೆ ಇದೂ ನಿಂತಿತು. ನಿಮ್ಮ ಮನೆಯಾಕೆಗೆ ಇವತ್ತೇ ಹೇಳಿಬಿಡಿ ಅಪ್ಪಾ. ಹೇಳದೆ ದೂರ ಸರಿದರೆ ಆಕೆ ಏನೇನೋ ಅಂದುಕೊಳ್ಳುತ್ತಾಳೆ.

ಉತ್ತರ:
ಮದುವೆ ಹೊಸದು ಎಂದಿರಿ, ಕಾಂಡೋಮ್ ಬಳಸುತ್ತೀರಾ? ನನಗೆ ಲೇಟೆಕ್ಸ್ (ಕಾಂಡೋಮಿನ ರಬ್ಬರ್) ಅಲರ್ಜಿ. ಬಳಸಿದ ಮಾರನೇ ದಿನ ಊತ, ಮೂರನೇ ದಿನ ಸಿಪ್ಪೆ. ಲೇಟೆಕ್ಸ್ ಅಲ್ಲದ ಕಾಂಡೋಮ್ ತಂದ ಮೇಲೆ ಮತ್ತೆ ಆಗಿಲ್ಲ. ಒಣಗಿದ್ದಾಗ ಆಗುವ ಉಜ್ಜಾಟದಿಂದಲೂ ಚರ್ಮ ಸುಲಿಯುತ್ತದೆ, ವಾಸಿಯಾಗುವವರೆಗೆ ಬಿಡುವು ಕೊಡಿ. ಇನ್ನೊಂದು ಮಾತು, ಪೆಟ್ರೋಲಿಯಂ ಜೆಲ್ಲಿ ತಾಗಿದರೆ ಲೇಟೆಕ್ಸ್ ಕಾಂಡೋಮ್ ಹರಿಯಬಹುದು.

ಉತ್ತರ:
ಇತ್ತೀಚೆಗೆ ಯಾವುದಾದರೂ ಮಾತ್ರೆ ತಗೊಂಡಿದ್ದಿರಾ? ನನಗೆ ಒಂದು ನೋವಿನ ಮಾತ್ರೆ ನುಂಗಿದಾಗಲೆಲ್ಲ ಅದೇ ಜಾಗದಲ್ಲಿ ದುಂಡಗೆ ಕೆಂಪಾಗಿ, ಸುಲಿದು, ಕಪ್ಪು ಕಲೆ ಉಳಿಯುತ್ತಿತ್ತು. ಮಾತ್ರೆಯ ಹೆಸರು ಬರೆದಿಟ್ಟುಕೊಂಡು ಎಲ್ಲ ಡಾಕ್ಟರಿಗೂ ತೋರಿಸುತ್ತೇನೆ.

ಉತ್ತರ:
ಎಲ್ಲರೂ ಮನೆಮದ್ದು, ಕ್ರೀಮು ಹೇಳುತ್ತಿದ್ದೀರಿ. ಕಾಯದೆ ಡಾಕ್ಟರ ಹತ್ತಿರ ಹೋಗಬೇಕಾದ ಲಕ್ಷಣಗಳನ್ನೂ ಹೇಳಬೇಕು. ನೀರ್ಗುಳ್ಳೆ, ನೋವಿಲ್ಲದ ಹುಣ್ಣು, ಕೀವು, ತೊಡೆಸಂದಿಯಲ್ಲಿ ಗಂಟು, ಜ್ವರ ಇದ್ದರೆ ಲೈಂಗಿಕ ಸೋಂಕಿನ ಪರೀಕ್ಷೆ ಆಗಲೇಬೇಕು, ಸಂಗಾತಿಗೂ. ಚರ್ಮ ಬೆಳ್ಳಗಾಗಿ ಬಿಗಿಯುತ್ತಾ ಮುಂದೊಗಲು ಹಿಂದೆ ಸರಿಯದಿದ್ದರೆ, ಮೂತ್ರದ ಧಾರೆ ಸಣ್ಣದಾದರೆ ತಡಮಾಡಬೇಡಿ. ಹಿಂದೆ ಸರಿದ ಮುಂದೊಗಲು ಮುಂದಕ್ಕೆ ಬಾರದೆ ಊದಿಕೊಂಡರೆ ಅದೇ ಗಂಟೆಗೆ ಆಸ್ಪತ್ರೆಗೆ. ಇವೇನೂ ಇಲ್ಲದಿದ್ದರೂ ಎರಡು ವಾರದಲ್ಲಿ ಕಡಿಮೆಯಾಗದ್ದನ್ನು ಯಾರಾದರೂ ಕಣ್ಣಾರೆ ನೋಡಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೈಮುಗಿಯುತ್ತೇನೆ. ಸೋಪು, ಆಂಟಿಸೆಪ್ಟಿಕ್ ಬಿಟ್ಟು ಇವತ್ತಿಗೆ ಹನ್ನೆರಡು ದಿನ. ಉರಿ ಹೋಗಿದೆ, ಸಿಪ್ಪೆ ಏಳುವುದು ನಿಂತಿದೆ. ಒಂದು ಪಕ್ಕದಲ್ಲಿ ಕೆಂಪು ಇನ್ನೂ ಉಳಿದಿದೆ, ಹಾಗಾಗಿ ಕ್ರೀಮ್ ಯಾವುದನ್ನೂ ಹಚ್ಚದೆ ಮಂಗಳವಾರ ಚರ್ಮರೋಗ ತಜ್ಞರಿಗೆ ತೋರಿಸುತ್ತಿದ್ದೇನೆ. ಸಕ್ಕರೆ ಪರೀಕ್ಷೆಯನ್ನೂ ಕೇಳಿ ಮಾಡಿಸುತ್ತೇನೆ. ಅಕ್ಕಾ, ನಿಮ್ಮ ಮಾತು ಓದಿದ ರಾತ್ರಿಯೇ ಹೆಂಡತಿಗೆ ಹೇಳಿದೆ. ‘ಇಷ್ಟು ದಿನ ಒಬ್ಬರೇ ಅನುಭವಿಸಿದಿರಾ’ ಎಂದಳು. ಮಂಗಳವಾರ ಅವಳೂ ಬರುತ್ತಾಳೆ.