ಆಲಿಕಲ್ಲು ಬಿದ್ದ ರಾತ್ರಿಯೇ ಊರು ಬಿಡಬೇಕು ಅನ್ನಿಸೋದು ನನಗೊಬ್ಬಳಿಗೇನಾ?

ಕಿಟಕಿಪಕ್ಕ
ರಾತ್ರಿ 1.40

ನಿದ್ದೆ ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕರೆಂಟ್ ಹೋಗಿ ಏಳು ಗಂಟೆ ಆಯಿತು. ಫೋನಿನಲ್ಲಿ 31 ಪರ್ಸೆಂಟ್ ಚಾರ್ಜ್ ಇದೆ. ಉದ್ದ ಬರೆದರೆ ಬೈಯಬೇಡಿ.

ಸಂಜೆ ಆರೂವರೆಗೆ ಶುರುವಾಯಿತು. ಅದಕ್ಕೆ ಮುಂಚೆ ಸ್ವಲ್ಪ ಹೊತ್ತು ಒಂದೆಲೆಯೂ ಅಲ್ಲಾಡಲಿಲ್ಲ. ಆಮೇಲೆ ಯಾರೋ ಫ್ರಿಜ್ ಬಾಗಿಲು ತೆಗೆದ ಹಾಗೆ ತಣ್ಣನೆ ಗಾಳಿ ನುಗ್ಗಿತು. ಟೆರೇಸಿನ ಮೇಲೆ ಹಾಕಿಸಿದ್ದ ಶೀಟುಗಳಲ್ಲಿ ಮೂಲೆಯದು ಬಡಿದುಕೊಳ್ಳತೊಡಗಿತು. ಟಪ್, ಟಪ್, ಟಪ್. ಆಮೇಲೆ ಸದ್ದು ನಿಂತಿತು. ಅಬ್ಬಾ, ಗಾಳಿ ಕಡಿಮೆಯಾಯಿತು ಅಂದುಕೊಂಡೆ. ಗಾಳಿ ಕಡಿಮೆಯಾಗಿರಲಿಲ್ಲ, ಶೀಟೇ ಇರಲಿಲ್ಲ. ಈಗ ಅದು ಹಿಂದಿನ ಖಾಲಿ ಸೈಟಿನಲ್ಲಿ ಮುದುಡಿದ ಕಾಗದದ ಹಾಗೆ ಬಿದ್ದಿದೆ. ಯಾರಿಗೂ ತಗುಲಲಿಲ್ಲ, ಪುಣ್ಯ.

ಮಿಂಚು ಕಂಡ ತಕ್ಷಣ ಮಗಳು ಎಣಿಸುತ್ತಾಳೆ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಅಂತ ನಾನೇ ಹೇಳಿಕೊಟ್ಟದ್ದು. ಇವತ್ತು ಅವಳು "ಒಂದು" ಅನ್ನುವಷ್ಟರಲ್ಲೇ ಗುಡುಗಿತು. ಆಮೇಲೆ ಎಣಿಸಲಿಲ್ಲ. ಮಂಚದ ಕೆಳಗೆ ಹೋಗಿ ಕೂತಳು.

ಕೊನೆಗೆ ಆಲಿಕಲ್ಲು. ಹತ್ತು ನಿಮಿಷವೂ ಇರಲಿಲ್ಲ, ಅಷ್ಟರಲ್ಲಿ ಸ್ಕೂಟರಿನ ಎರಡೂ ಕನ್ನಡಿ ಹೋದವು. ಒಂದು ಕಲ್ಲನ್ನು ಎತ್ತಿ ಸ್ಕೇಲಿನಲ್ಲಿ ಅಳೆದೆ, ಮೂರು ಸೆಂಟಿಮೀಟರ್. ಫ್ರೀಜರಿನಲ್ಲಿ ಇಟ್ಟಿದ್ದೇನೆ. ಕರೆಂಟ್ ಇಲ್ಲದ ಫ್ರೀಜರನ್ನು ತೆರೆಯಬಾರದು ಅಂತ ಗೊತ್ತು. ಆದರೂ ಕಲ್ಲು ಇದೆಯಾ ಅಂತ ಎರಡು ಸಲ ತೆಗೆದು ನೋಡಿದೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಫೋನಿನಲ್ಲಿ "ಹೊಸ ಊರು" ಅಂತ ಒಂದು ಟಿಪ್ಪಣಿ ಇದೆ. ಅದರಲ್ಲಿ ಹನ್ನೊಂದು ಹೆಸರು. ಈಕ್ವೆಡಾರಿನ ಕ್ವಿಟೊ, ಚೀನಾದ ಕುನ್ಮಿಂಗ್, ಪೆರುವಿನ ಲಿಮಾ, ಸ್ಪೇನಿನ ಕೆನರಿ ದ್ವೀಪಗಳು, ಹೀಗೆ. ಒಂದನ್ನೂ ಕಣ್ಣಲ್ಲಿ ಕಂಡಿಲ್ಲ. ಮೊದಲ ಸ್ಥಾನ ಕ್ವಿಟೊಗೆ. ಭೂಮಧ್ಯರೇಖೆಯ ಪಕ್ಕದಲ್ಲಿದೆ, ಆದರೆ 2850 ಮೀಟರ್ ಎತ್ತರದಲ್ಲಿದೆ. ಹಾಗಾಗಿ ವರ್ಷಪೂರ್ತಿ ಹೆಚ್ಚುಕಮ್ಮಿ ಒಂದೇ ತಂಪು ಹವೆ. ಮ್ಯಾಪಿನಲ್ಲಿ ಅಲ್ಲಿನ ಬೀದಿಗಳಲ್ಲಿ ಅಲೆದು ಅಲೆದು ಒಂದು ನೀಲಿ ಬಾಗಿಲಿನ ಮನೆ ಗುರುತು ಮಾಡಿಕೊಂಡಿದ್ದೇನೆ. ಮುಂದೆ ಒಂದು ನಾಯಿ ಮಲಗಿದೆ. ಯಾವಾಗ ಹೋದರೂ ಮಲಗೇ ಇರುತ್ತೆ.

ನನ್ನ ಕೆಲಸ ಮನೆಯಿಂದಲೇ. ಹೊರಡಲೇಬಾರದು ಅನ್ನುವಂಥ ಕಾರಣ ಏನೂ ಇಲ್ಲ. ಹವೆಗೋಸ್ಕರ ಊರು ಬಿಟ್ಟವರು ಇಲ್ಲಿ ಯಾರಾದ್ರೂ ಇದ್ದೀರಾ? ಹೋದ ಮೇಲೆ ನೆಮ್ಮದಿ ಸಿಕ್ಕಿತಾ?

ಮೋಡಲೆಕ್ಕ
ಬೆಳಿಗ್ಗೆ 6.15

ಸರ್, ಮೊದಲು ಒಂದು ಪ್ರಶ್ನೆ. ಸುತ್ತಮುತ್ತ ಮರ, ಕೊಂಬೆ ಬಿದ್ದಿದ್ದರೆ ಎಲ್ಲ ಒಂದೇ ದಿಕ್ಕಿಗೆ ಬಿದ್ದಿವೆಯಾ, ಅಡ್ಡಾದಿಡ್ಡಿ ಬಿದ್ದಿವೆಯಾ? ಒಂದೇ ದಿಕ್ಕಿಗೆ ಅಂದರೆ ಅದು ಬಹುಶಃ ಸುಂಟರಗಾಳಿ ಅಲ್ಲ. ಮೋಡದಿಂದ ತಣ್ಣನೆ ಗಾಳಿ ದಬ್ಬನೆ ಕೆಳಗೆ ಬಿದ್ದು, ನೆಲಕ್ಕೆ ಬಡಿದು ಸುತ್ತಲೂ ಹರಡಿಕೊಂಡದ್ದು. ಬಕೆಟ್ ನೀರನ್ನು ನೆಲಕ್ಕೆ ಸುರಿದರೆ ಹೇಗೆ ಹರಡುತ್ತೋ ಹಾಗೆ. ನಡುವಿನಿಂದ ಎಲ್ಲ ಕಡೆಗೂ ಹರಡಿದರೂ, ಒಂದೇ ಜಾಗದಲ್ಲಿ ನಿಂತು ನೋಡಿದರೆ ಎಲ್ಲ ಒಂದೇ ದಿಕ್ಕಿಗೆ ಬಿದ್ದಿರುತ್ತವೆ. ನಿಮಗೆ ಮೊದಲು ತಣ್ಣಗೆ ಬಡಿದದ್ದು ಅದರ ಅಂಚು.

ಇದನ್ನು ಕಂಡುಹಿಡಿದ ಕತೆ ನನಗೆ ತುಂಬಾ ಇಷ್ಟ, ಹೇಳಿಬಿಡುತ್ತೇನೆ. ತೆತ್ಸುಯಾ ಫುಜಿಟಾ ಅಂತ ಜಪಾನಿನ ಹವಾಮಾನ ವಿಜ್ಞಾನಿ. 1945ರಲ್ಲಿ ಬಾಂಬ್ ಬಿದ್ದ ಮೇಲೆ ಹಿರೋಷಿಮಾ, ನಾಗಸಾಕಿಗಳಿಗೆ ಹೋಗಿ ಮರಗಳು ಹೇಗೆ ಬಿದ್ದಿವೆ ಅಂತ ನೋಡಿದ್ದರು. 1974ರಲ್ಲಿ ಅಮೆರಿಕದಲ್ಲಿ ಬಿರುಗಾಳಿ ಹಾದುಹೋದ ಜಾಗವನ್ನು ವಿಮಾನದಿಂದ ನೋಡುವಾಗ, ನಡುವಿನಿಂದ ಹೊರಕ್ಕೆ ಚದುರಿ ಬಿದ್ದ ಅದೇ ಗುರುತು ಕಣ್ಣಿಗೆ ಬಿತ್ತು. ಮರುವರ್ಷ ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ವಿಮಾನವೊಂದು ಇಂಥದೇ ಗಾಳಿಗೆ ಸಿಕ್ಕಿ ಬಿತ್ತು ಅಂತ ತೋರಿಸಿದವರೂ ಅವರೇ.

ಕಲ್ಲನ್ನು ಎಸೆಯಬೇಡಿ. ಬಿಸಿ ಚಾಕುವಿನಿಂದ ಎರಡು ಭಾಗ ಮಾಡಿ ನೋಡಿ, ಉಂಗುರ ಕಾಣುತ್ತದೆ. ಬೇಗ ಹೆಪ್ಪುಗಟ್ಟಿದರೆ ಗಾಳಿಗುಳ್ಳೆ ಒಳಗೇ ಸಿಕ್ಕಿಕೊಂಡು ಬೆಳ್ಳಗಿರುತ್ತದೆ. ನಿಧಾನಕ್ಕೆ ಹೆಪ್ಪುಗಟ್ಟಿದರೆ ಗಾಜಿನ ಹಾಗೆ. ಒಂದೊಂದು ಉಂಗುರ ಅಂದರೆ ಒಂದೊಂದು ಸಲ ಮೇಲೆ ಹೋಗಿ ಬಂದಿದೆ ಅಂತ ಶಾಲೆಯಲ್ಲಿ ಹೇಳುತ್ತಿದ್ದರು. ಹಾಗೇ ಆಗಿರಬೇಕು ಅಂತೇನಿಲ್ಲ. ಮೋಡದೊಳಗೆ ದಾರಿಯಲ್ಲಿ ಎಷ್ಟು ನೀರು, ಎಷ್ಟು ಚಳಿ ಸಿಕ್ಕಿತು ಅನ್ನೋದರ ಮೇಲೂ ಉಂಗುರ ಬದಲಾಗುತ್ತದೆ. ನಿಮ್ಮದು ಮೂರು ಸೆಂಟಿಮೀಟರ್. 2010ರಲ್ಲಿ ಅಮೆರಿಕದ ಸೌತ್ ಡಕೋಟಾದಲ್ಲಿ ಬಿದ್ದದ್ದು 20 ಸೆಂಟಿಮೀಟರ್ ಇತ್ತು.

ಊರು ಬಿಡೋ ವಿಷಯ ನನಗೆ ಗೊತ್ತಾಗಲ್ಲ. ನಾನು ಇಂಥ ಮೋಡ ಬಂದರೆ ಟೆರೇಸಿಗೆ ಓಡುವವನು. ಈಗ ಓಡೋದು ಬಿಟ್ಟಿದ್ದೇನೆ, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಹೊರಗೆ ಕಾಲಿಡುವುದಿಲ್ಲ. ಮಗಳಿಗೆ ಇದನ್ನೂ ಹೇಳಿಕೊಡಿ.

ಚಾರ್ಜರ್
ಬೆಳಿಗ್ಗೆ 7.02

ಮೊದಲು ಒಂದು ಪವರ್ ಬ್ಯಾಂಕ್ ತಗೊಳ್ಳಿ. ಕ್ವಿಟೊ ಆಮೇಲೆ ನೋಡೋಣ.

ಹೋಗಿಬಂದವ
ಬೆಳಿಗ್ಗೆ 9.30

ಲಿಮಾ ಅಂತ ನೋಡಿ ಲಾಗಿನ್ ಆದೆ. ಎರಡು ವರ್ಷ ಕೆಲಸದ ಮೇಲೆ ಅಲ್ಲಿದ್ದೆ. ಗುಡುಗು ಬೇಡ ಅನ್ನುವವರಿಗೆ ಅದಕ್ಕಿಂತ ಒಳ್ಳೆಯ ಊರಿಲ್ಲ. ಪಕ್ಕದ ಸಮುದ್ರದಲ್ಲೇ ಹಂಬೋಲ್ಟ್ ಅನ್ನುವ ತಣ್ಣನೆಯ ನೀರಿನ ಪ್ರವಾಹ ಹರಿಯುತ್ತದೆ. ನೆಲದ ಹತ್ತಿರದ ಗಾಳಿ ತಂಪು, ಮೇಲಿನದು ಬಿಸಿ. ಹಾಗಾಗಿ ಮೋಡ ಮೇಲೆ ಬೆಳೆಯುವುದೇ ಇಲ್ಲ. ವರ್ಷಕ್ಕೆ ಎರಡು ಸೆಂಟಿಮೀಟರ್ ಮಳೆ ಬಂದರೆ ಅದೇ ಜಾಸ್ತಿ.

ಆದರೆ ಮೇಲೆ ಬೆಳೆಯದ ಮೋಡ ಎಲ್ಲಿಗೆ ಹೋಗುತ್ತೆ ಹೇಳಿ? ಎಲ್ಲಿಗೂ ಹೋಗಲ್ಲ. ತಲೆಯ ಮೇಲೇ ಕೂತಿರುತ್ತದೆ. ಜೂನ್‌ನಿಂದ ಅಕ್ಟೋಬರ್ ತನಕ ಒದ್ದೆ ಸುಣ್ಣದ ಗೋಡೆಯಂಥ ಆಕಾಶ. ಮಳೆ ಅಲ್ಲ, ಮಂಜೂ ಅಲ್ಲ, ಗರುವಾ ಅಂತ ಒಂದು ಇರುತ್ತದೆ. ಕನ್ನಡಕದ ಮೇಲೆ ಮಾತ್ರ ಕಾಣುತ್ತದೆ. ಮೊದಲ ವರ್ಷ ಆಗಸ್ಟ್‌ನಲ್ಲಿ ನನ್ನ ನೆರಳನ್ನು ನೋಡಿ ಎಷ್ಟು ದಿನವಾಯಿತು ಅಂತ ಎಣಿಸೋಕೆ ಶುರು ಮಾಡಿದೆ. ನಿಮ್ಮ ಮಗಳು ಸೆಕೆಂಡ್ ಎಣಿಸುತ್ತಾಳೆ, ನಾನು ದಿನ ಎಣಿಸುತ್ತಿದ್ದೆ. ಮಳೆಯೇ ಬರದ ಊರು ಅಂತ ನಂಬಿಕೊಂಡಿದ್ದೆ. 2017ರಲ್ಲಿ ಬೆಟ್ಟದ ಕಡೆ ಮಳೆ ಸುರಿದು, ನದಿಯಲ್ಲಿ ಕೆಸರು ತುಂಬಿ ಬಂದು, ನಗರದ ಹೆಚ್ಚಿನ ಭಾಗಕ್ಕೆ ಹಲವು ದಿನ ನಲ್ಲಿ ನೀರಿರಲಿಲ್ಲ. ಜತೆಗೆ ಭೂಕಂಪದ ಭಯ ಬೇರೆ.

ಕ್ವಿಟೊ ಬಗ್ಗೆ ಹೇಳಲೋ ಬೇಡವೋ. ಒಂದು ವಾರ ಇದ್ದೆ ಅಷ್ಟೇ. ಬೆಳಿಗ್ಗೆ ಚಿನ್ನದಂಥ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು. ಆಲಿಕಲ್ಲೂ ಬೀಳುತ್ತದೆ ಅಲ್ಲಿ. ಪಕ್ಕದ ಪಿಚಿಂಚಾ ಜ್ವಾಲಾಮುಖಿ 1999ರಲ್ಲಿ ಊರಿನ ಮೇಲೆ ಬೂದಿ ಸುರಿದಿತ್ತು. ಕ್ಷಮಿಸಿ, ನಿಮ್ಮ ನೀಲಿ ಬಾಗಿಲಿಗೆ ಕಲ್ಲು ಹಾಕಿದೆ.

ಕಿಟಕಿಪಕ್ಕ
ಬೆಳಿಗ್ಗೆ 9.48

ಕ್ವಿಟೊದಲ್ಲೂ ಆಲಿಕಲ್ಲಾ? ನಾಯಿ ಎಲ್ಲಿ ಮಲಗುತ್ತೆ ಹಾಗಾದ್ರೆ?

ಮೋಡಲೆಕ್ಕ ಅವರೇ, ಸರ್ ಅಲ್ಲ, ಮೇಡಂ. ಕೊಂಬೆಗಳೆಲ್ಲ ಪೂರ್ವಕ್ಕೆ ಬಿದ್ದಿವೆ.

ಟೇಪುಹಿಡಿದವ
ಬೆಳಿಗ್ಗೆ 11.20

ಊರು ಬಿಡಿ, ಬಿಡಬೇಡಿ, ಅದು ನಿಮಗೆ ಸೇರಿದ್ದು. ಶೀಟು ಮಾತ್ರ ಮತ್ತೆ ಹಾಗೇ ಹಾಕಿಸಬೇಡಿ. ಗಾಳಿ ಶೀಟನ್ನು ತಳ್ಳುವುದಕ್ಕಿಂತ ಜಾಸ್ತಿ ಎತ್ತುತ್ತದೆ. ಕೆಳಗೆ ನುಗ್ಗಿದ ಗಾಳಿ ಮೇಲಕ್ಕೆ ಒತ್ತುತ್ತದೆ, ಮೇಲೆ ಓಡುವ ಗಾಳಿ ಎಳೆಯುತ್ತದೆ. ಮೂಲೆ ಮತ್ತು ಅಂಚಿನಲ್ಲಿ ಈ ಎಳೆತ ಎಲ್ಲಕ್ಕಿಂತ ಜಾಸ್ತಿ. ಹುಕ್ ಹತ್ತಿರ ಹತ್ತಿರ ಬೇಕಾದದ್ದು ಅಲ್ಲೇ, ಕೆಲಸದವರು ಉಳಿಸುವುದೂ ಅಲ್ಲೇ. ನಿಮ್ಮದು ಮೂಲೆಯಿಂದಲೇ ಹೋಯಿತು ಅಂದಾಗಲೇ ಗೊತ್ತಾಯಿತು. ಉಳಿದ ಶೀಟುಗಳ ವಾಷರ್ ಒತ್ತಿ ನೋಡಿ. ಬಿಸಿಲಿಗೆ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಎಲ್ಲವನ್ನೂ ಬದಲಾಯಿಸಿ.

ಅರೆನಿದ್ದೆ
ಮಧ್ಯಾಹ್ನ 2.05

ಕಿಟಕಿಪಕ್ಕ ಅವರೇ, ಇದನ್ನು ಓದಿದಾಗಿನಿಂದ ಒಂದು ಅಧ್ಯಯನ ನೆನಪಾಗುತ್ತಿದೆ. 1998ರಲ್ಲಿ ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾನೆಮನ್ ಅನ್ನುವ ಇಬ್ಬರು ಸಂಶೋಧಕರು ಅಮೆರಿಕದ ಎರಡು ಕಡೆಯ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದರು. ಒಂದು ಹಿತವಾದ ಹವೆಯ ಕ್ಯಾಲಿಫೋರ್ನಿಯಾ. ಇನ್ನೊಂದು ಕೊರೆಯುವ ಚಳಿಯ ಮಧ್ಯಪಶ್ಚಿಮ. ಎರಡೂ ಕಡೆಯವರು ಕ್ಯಾಲಿಫೋರ್ನಿಯಾದವರೇ ಹೆಚ್ಚು ಸಂತೋಷವಾಗಿರುತ್ತಾರೆ ಅಂದರು. ಆದರೆ ಅವರವರ ಬದುಕಿನ ಬಗ್ಗೆ ಕೇಳಿದಾಗ ಎರಡೂ ಕಡೆ ತೃಪ್ತಿ ಒಂದೇ ಮಟ್ಟದಲ್ಲಿತ್ತು. ಹವೆಯ ಬಗ್ಗೆ ಯೋಚಿಸುವಾಗ ಹವೆಯೊಂದೇ ದೊಡ್ಡದಾಗಿ ಕಾಣುತ್ತೆ, ಅಲ್ವಾ?

ನಿಮ್ಮ ಶೀಟು ಹಾರಿದ್ದು ಯೋಚನೆಯಿಂದಲ್ಲ, ಒಪ್ಪುತ್ತೇನೆ. ಮಗಳಿರುವ ಮನೆಯಲ್ಲಿ ಭಯ ಸುಮ್ನೆ ಅಲ್ಲ. ಆದರೂ ಒಂದು ಕೆಲಸ ಮಾಡಿ. ಆ ಟಿಪ್ಪಣಿಗೆ ಯಾವ ಊರನ್ನು ಯಾವತ್ತು ಸೇರಿಸಿದ್ದು ಅಂತ ನೋಡಿ.

ಕಿಟಕಿಪಕ್ಕ
ರಾತ್ರಿ 10.25

ಕರೆಂಟ್ ನಾಲ್ಕಕ್ಕೆ ಬಂತು. ಎಲ್ಲರಿಗೂ ಥ್ಯಾಂಕ್ಸ್.

ಕಲ್ಲು ಕರಗಿ ಸುಮಾರು ಎರಡು ಸೆಂಟಿಮೀಟರ್ ಆಗಿತ್ತು. ಚಾಕು ಬಿಸಿ ಮಾಡಿ ಕತ್ತರಿಸಿದೆವು. ನಡುವೆ ಹಾಲಿನ ಬಣ್ಣದ ಚುಕ್ಕೆ, ಸುತ್ತ ಗಾಜಿನಂಥ ಉಂಗುರ, ಅದರ ಹೊರಗೆ ಮತ್ತೆ ಬಿಳಿ. ಇನ್ನೂ ಹೊರಗಿದ್ದದ್ದು ರಾತ್ರಿಯೇ ಕರಗಿರಬೇಕು. ಮಗಳು ಅಂಗೈಯಲ್ಲಿ ಇಟ್ಟುಕೊಂಡು ಅದು ಹೋಗುವ ತನಕ ನೋಡಿದಳು. ಲಿಮಾದಲ್ಲಿ ಇದು ಸಿಗೋದಿಲ್ಲ ಅಂದೆ. "ಹಾಗಾದ್ರೆ ಅದು ಬೇಡ" ಅಂದಳು. ನಿನ್ನೆ ಮಂಚದ ಕೆಳಗೆ ಕೂತಿದ್ದವಳು ಇವಳೇ. ನಾನು ಲಿಮಾ ತೆಗೆದಿಲ್ಲ. ಪಕ್ಕದಲ್ಲಿ "ಗುಡುಗಿಲ್ಲ, ನೆರಳೂ ಇಲ್ಲ" ಅಂತ ಬರೆದಿದ್ದೇನೆ.

ವಾಷರ್ ಒತ್ತಿ ನೋಡಿದೆ. ಎರಡು ಬೆರಳಲ್ಲೇ ಪುಡಿಯಾದವು. ಮೂಲೆಯಲ್ಲಿ ಎರಡು ಹುಕ್ ಇರಬೇಕಾದ ಕಡೆ ಒಂದೇ ತೂತಿದೆ. ಹಾಕಿದವರಿಗೆ ಫೋನ್ ಮಾಡಿದರೆ "ನಿಮ್ಮ ಕಡೆ ಗಾಳಿ ಜಾಸ್ತಿ ಮೇಡಂ" ಅಂತಾರೆ. ಶನಿವಾರ ಬೇರೆಯವರು ಬರುತ್ತಾರೆ. ಟೇಪ್ ನಾನೇ ಹಿಡಿಯುತ್ತೇನೆ.

ಅರೆನಿದ್ದೆ ಅವರೇ, ತಾರೀಖು ನೋಡಿದೆ. ಹನ್ನೊಂದರಲ್ಲಿ ಒಂಬತ್ತು, ಮಳೆಗಾಳಿಯ ರಾತ್ರಿಯವೇ. ಹನ್ನೊಂದು ಗಂಟೆಯ ಮೇಲೆ ಬರೆದವು, ಅಕ್ಷರವೂ ತಪ್ಪು ತಪ್ಪು.

ಇನ್ನೆರಡನ್ನು ಬರೆದ ದಿನ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಆ ದಿನಗಳಲ್ಲಿ ಏನಾಗಿತ್ತು ಅಂತ ಚೆನ್ನಾಗಿ ನೆನಪಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಕ್ವಿಟೊ ಆ ಎರಡರಲ್ಲಿ ಒಂದು.