ಅಲ್ಸರ್ ಬಂದಿದ್ದು ಟೆನ್ಷನ್‌ನಿಂದಾನಾ? ಹೊಟ್ಟೆ ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಹೆಸರು ಬೇಡ ಎಂದ ಸದಸ್ಯರು):
ಮೇಡಂ, ನಮಸ್ಕಾರ. ವಯಸ್ಸು 41, ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇದೆ. ಎರಡು ತಿಂಗಳಿಂದ ನಡುರಾತ್ರಿ ಹೊಟ್ಟೆಯ ಮೇಲ್ಭಾಗ ಕೊರೆದ ಹಾಗಾಗಿ ಎಚ್ಚರವಾಗುತ್ತದೆ. ಎರಡು ಬಿಸ್ಕೆಟ್ ತಿಂದರೆ ಕಮ್ಮಿ. ಎಂಡೋಸ್ಕೋಪಿ ಮಾಡಿ, ಸಣ್ಣ ಕರುಳಿನ ಶುರುವಿನಲ್ಲೇ ಹುಣ್ಣಿದೆ ಎಂದರು. ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆ ಬರೆದುಕೊಟ್ಟು "ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ" ಎಂದು ಕಳಿಸಿದರು. ಅಂಗಡಿ ಸಾಲ ಇದೆ, ಅಪ್ಪನಿಗೆ ಡಯಾಲಿಸಿಸ್ ನಡೀತಿದೆ. ಎಲ್ಲಿಂದ ಕಮ್ಮಿ ಮಾಡ್ಕೊಳ್ಳಲಿ? ಮನೆಯಲ್ಲಿ "ನೀನೇ ತಲೆ ಕೆಡಿಸ್ಕೊಂಡು ತಂದ್ಕೊಂಡಿದ್ದು" ಅಂತಾರೆ. ನಿಜಾನಾ?

ಉತ್ತರ (ಡಾಕ್ಟರ್):
ನೀವು ತಂದುಕೊಂಡಿದ್ದಲ್ಲ. ಮನೆಯವರಿಗೆ ಇದನ್ನೇ ಓದಿ ಹೇಳಿ.

ಅಲ್ಸರ್‌ಗೆ ದೊಡ್ಡ ಕಾರಣಗಳು ಎರಡು: ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆ. ಹಿಂದೆ ಡಾಕ್ಟರುಗಳೂ ಟೆನ್ಷನ್, ಖಾರ ಎಂದೇ ಹೇಳುತ್ತಿದ್ದರು. ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಬ್ಯಾಕ್ಟೀರಿಯಾ ಎಂದಾಗ ನಂಬಿದವರು ಕಡಿಮೆ. 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದುಬಿಟ್ಟರು! ಕೆಲವೇ ದಿನಗಳಲ್ಲಿ ಜಠರದ ಒಳಪದರ ಉರಿಯೂತ ಬಂದು ಕೆಂಪಗಾಯಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಹಾಗಂತ ಟೆನ್ಷನ್‌ದೇನೂ ತಪ್ಪಿಲ್ಲ ಎನ್ನಲಾಗದು. ನಮ್ಮ ದೇಶದಲ್ಲಿ ಈ ಬ್ಯಾಕ್ಟೀರಿಯಾ ಎಷ್ಟೋ ಜನರ ಹೊಟ್ಟೆಯಲ್ಲಿದೆ, ಹುಣ್ಣಾಗುವುದು ಕೆಲವರಿಗೆ ಮಾತ್ರ. ಜಪಾನಿನಲ್ಲಿ 1995ರ ಕೋಬೆ ಭೂಕಂಪದ ನಂತರ ರಕ್ತ ಸುರಿಯುವ ಅಲ್ಸರ್ ಜಾಸ್ತಿಯಾಯಿತು. 2011ರ ಭೂಕಂಪದ ನಂತರವೂ ಹಾಗೇ ಆಯಿತು. ಆಗ ಬ್ಯಾಕ್ಟೀರಿಯಾವೂ ಇಲ್ಲದ, ನೋವಿನ ಮಾತ್ರೆಯನ್ನೂ ತಿನ್ನದ ಜನರಲ್ಲೂ ಹುಣ್ಣು ಕಂಡಿತು. ಡೆನ್ಮಾರ್ಕಿನಲ್ಲಿ 3,379 ಜನರನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಅಧ್ಯಯನ 2015ರಲ್ಲಿ ಬಂತು. ಒತ್ತಡ ತುಂಬಾ ಇದ್ದವರಿಗೆ, ಕಡಿಮೆ ಇದ್ದವರಿಗಿಂತ ಸುಮಾರು ಎರಡು ಪಟ್ಟು ಅಲ್ಸರ್ ಆಗಿತ್ತು.

ಒತ್ತಡ ಹೊಟ್ಟೆಗೆ ಇಳಿಯುವ ದಾರಿಗಳು ಹಲವು. ಆಸಿಡ್ ಹೆಚ್ಚುತ್ತದೆ, ಜಠರದ ಒಳಪದರಕ್ಕೆ ರಕ್ತ ಕಮ್ಮಿ ಹೋಗುತ್ತದೆ. ಆದರೆ ನಾನು ಓಪಿಡಿಯಲ್ಲಿ ಜಾಸ್ತಿ ನೋಡುವುದು ಬೇರೆ ದಾರಿ. ಗಿರಾಕಿ ಇದ್ದಾರೆಂದು ಊಟ ನಾಲ್ಕು ಗಂಟೆಗೆ. ನಡುವೆ ಸಿಗರೇಟು. ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ತಲೆನೋವು, ಪಕ್ಕದ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ಒಂದು ಮಾತ್ರೆ. ಆ ಮಾತ್ರೆ ಜಠರವನ್ನು ಆಸಿಡ್‌ನಿಂದ ಕಾಯುವ ಲೋಳೆ ಪದರವನ್ನೇ ತೆಳ್ಳಗೆ ಮಾಡುತ್ತದೆ. ನೀವು ಯಾವುದಾದರೂ ನೋವಿನ ಮಾತ್ರೆ ತಗೊಳ್ತೀರಾ? ಬ್ಯಾಕ್ಟೀರಿಯಾ ಟೆಸ್ಟ್ ಆಗಿದೆಯಾ?

ಪ್ರಶ್ನೆ ಕೇಳಿದವರು:
ಬೆನ್ನುನೋವಿಗೆ ವಾರಕ್ಕೆ ಮೂರ್ನಾಲ್ಕು ಅಸಿಕ್ಲೋಫೆನಾಕ್ ಮೇಡಂ. ಇದನ್ನು ಯಾರೂ ಕೇಳಲೇ ಇಲ್ಲ, ನಾನೂ ಹೇಳಲಿಲ್ಲ. ಟೆಸ್ಟ್ ಬಗ್ಗೆ ರಿಪೋರ್ಟಿನಲ್ಲಿ ಏನೂ ಇಲ್ಲ.

ಡಾಕ್ಟರ್:
ಅಸಿಕ್ಲೋಫೆನಾಕ್ ಇವತ್ತೇ ನಿಲ್ಲಿಸಿ. ಬೆನ್ನಿಗೆ ಸದ್ಯಕ್ಕೆ ಪ್ಯಾರಾಸಿಟಮಾಲ್ ಸಾಕು, ಅಲ್ಸರ್‌ಗೆ ಅದು ತೊಂದರೆ ಕೊಡುವುದಿಲ್ಲ. ಪ್ಯಾಂಟೊಪ್ರಜೋಲ್ ತಿಂಡಿಗೆ ಅರ್ಧ ಗಂಟೆ ಮುಂಚೆ ತಗೊಳ್ಳಿ, ತಿಂದ ಮೇಲೆ ತಗೊಂಡರೆ ಅಷ್ಟು ಕೆಲಸ ಮಾಡದು. ಬ್ಯಾಕ್ಟೀರಿಯಾಕ್ಕೆ ಮಲದ ಟೆಸ್ಟ್ ಅಥವಾ ಉಸಿರಿನ ಟೆಸ್ಟ್ ಇದೆ. ಪ್ಯಾಂಟೊಪ್ರಜೋಲ್ ನಡೆಯುವಾಗ ಮಾಡಿಸಿದರೆ ಇದ್ದರೂ ಇಲ್ಲ ಅಂತ ಬರಬಹುದು. ಹಾಗಾಗಿ ಎರಡು ವಾರ ಅದನ್ನು ಬಿಟ್ಟು ಮಾಡಿಸುತ್ತಾರೆ. ಯಾವಾಗ ಬಿಡಬೇಕು ಎಂಬುದನ್ನು ನಿಮ್ಮ ಡಾಕ್ಟರೇ ಹೇಳಲಿ, ಸುಮ್ನೆ ನೀವೇ ಬಿಡಬೇಡಿ. ಬ್ಯಾಕ್ಟೀರಿಯಾ ಇದ್ದರೆ ಸಾಮಾನ್ಯವಾಗಿ 14 ದಿನದ ಆಂಟಿಬಯಾಟಿಕ್ ಕೋರ್ಸ್. ಬಾಯಿ ಕಹಿಯಾದರೂ ಪೂರ್ತಿ ಮುಗಿಸಿ.

ಇನ್ನು ಟೆನ್ಷನ್. "ಕಮ್ಮಿ ಮಾಡ್ಕೊಳ್ಳಿ" ಎನ್ನುವುದನ್ನು ನಾನು ಸಲಹೆ ಎಂದು ಒಪ್ಪುವುದಿಲ್ಲ. ನಿಮ್ಮ ಸಾಲ ಹಾಗೇ ಇರುತ್ತದೆ, ಅಪ್ಪನ ಡಯಾಲಿಸಿಸ್ಸೂ ನಡೆಯುತ್ತದೆ. ಮೊದಲು ನಿದ್ದೆ ಹಿಡಿಯಿರಿ. ನೋವು ನಿದ್ದೆ ಕೆಡಿಸುತ್ತದೆ, ನಿದ್ದೆ ಕೆಟ್ಟರೆ ಸಣ್ಣ ವಿಷಯಕ್ಕೂ ತಲೆ ಬಿಸಿ. ಎಷ್ಟೋ ಜನಕ್ಕೆ ಹುಣ್ಣು ಮಾಯುತ್ತಿದ್ದ ಹಾಗೆ ಮನಸ್ಸೂ ಹಗುರವಾಗುತ್ತದೆ. ಅಂಗಡಿ ಲೆಕ್ಕ ಹಾಸಿಗೆಗೆ ತರಬೇಡಿ. ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಉಣ್ಣಿ. ಡಯಾಲಿಸಿಸ್‌ಗೆ ಪ್ರತಿ ಸಲ ನೀವೇ ಹೋಗ್ತೀರಾ? ಒಂದು ಸಲವಾದರೂ ತಮ್ಮನೋ ಭಾವನೋ ಹೋಗಲಿ, ಕೇಳಿಬಿಡಿ. ಎದೆ ಡವಡವ, ಯಾವುದರಲ್ಲೂ ಆಸಕ್ತಿ ಇಲ್ಲ ಅನ್ನುವ ಹಾಗಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮತ್ತೊಬ್ಬ ಸದಸ್ಯರು:
ರಾತ್ರಿ ಒಂದು ಲೋಟ ತಣ್ಣನೆ ಹಾಲು ಕುಡೀರಿ ಸರ್. ಉರಿ ಎಲ್ಲಾ ಮಾಯ.

ಡಾಕ್ಟರ್:
ಆ ಕ್ಷಣಕ್ಕೆ ತಂಪು, ಸರಿ. ಆದರೆ ಹಾಲು ಸ್ವಲ್ಪ ಹೊತ್ತಿನ ಮೇಲೆ ಆಸಿಡ್ ಜಾಸ್ತಿ ಮಾಡುತ್ತದೆ. ಇಷ್ಟ ಇದ್ದರೆ ಕುಡಿಯಿರಿ, ಔಷಧಿ ಅಂತ ಬೇಡ.

ಒಬ್ಬ ಸದಸ್ಯೆ:
ಮೇಡಂ, ನಮ್ಮ ಯಜಮಾನರಿಗೂ ಅಲ್ಸರ್ ಆಗಿತ್ತು. ಈಗ ಆತಂಕಕ್ಕೆ ಎಸಿಟಾಲೊಪ್ರಾಮ್ ಕೊಟ್ಟಿದ್ದಾರೆ. ಹೊಟ್ಟೆಗೆ ಆಗಲ್ಲ ಅಂತ ಯಾರೋ ಹೇಳಿದರು, ನಿಲ್ಲಿಸೋದಾ?

ಡಾಕ್ಟರ್:
ಬೇಡಮ್ಮ, ದಿಢೀರಂತ ನಿಲ್ಲಿಸಬಾರದು. ಈ ಜಾತಿಯ ಮಾತ್ರೆಗಳಿಂದ ರಕ್ತಸ್ರಾವದ ಅಪಾಯ ಸ್ವಲ್ಪ ಹೆಚ್ಚುತ್ತದೆ, ಜೊತೆಗೆ ನೋವಿನ ಮಾತ್ರೆ ತಿಂದರೆ ಇನ್ನೂ ಜಾಸ್ತಿ. ಹಳೇ ಅಲ್ಸರ್ ಇತ್ತು ಅಂತ ಮಾನಸಿಕ ವೈದ್ಯರಿಗೆ ಹೇಳಿ. ಬೇಕಿದ್ದರೆ ಆಸಿಡ್ ಕಡಿಮೆ ಮಾಡುವ ಮಾತ್ರೆಯನ್ನೂ ಸೇರಿಸುತ್ತಾರೆ. ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ವಿಪರೀತ ವಾಸನೆ ಇದ್ದರೆ ಅಥವಾ ವಾಂತಿಯಲ್ಲಿ ರಕ್ತ ಕಂಡರೆ ಬೆಳಗಾಗುವವರೆಗೂ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಅವರು ಅದನ್ನು ತಗೊಳ್ತಿದ್ದರೆ ಅಲ್ಲಿ ಮೊದಲೇ ಹೇಳಿ.